ಹೊಸ್ತಿಲಿನಿಂದ ಕಾಣದ ಮೂಲೆ

ತಿನ್ನುವ ಪದಾರ್ಥ ತಯಾರಿಸುವ ಜಾಗವನ್ನು ನೋಡಲು ಹೋದಾಗ ಮೊದಲು ಹಿತ್ತಲಿಗೆ ಹೋಗಬೇಕು. ಬಚ್ಚಲ ನೀರು ಎಲ್ಲಿಗೆ ಹರಿಯುತ್ತದೆ, ಕುಡಿಯುವ ನೀರಿನ ಕೊಡ ಎಲ್ಲಿದೆ, ಒರೆಸುವ ಬಟ್ಟೆ ಎಲ್ಲಿ ಒಣಗುತ್ತಿದೆ, ಇಷ್ಟನ್ನು ನೋಡಿ ಆದ ಮೇಲೆ ಮುಂದಿನ ತಟ್ಟೆಯಲ್ಲಿ ಏನಿದೆ ಎಂದು ನೋಡಿದರೆ ಸಾಕು. ಇದು ನನ್ನ ಮಾತಲ್ಲ. ಲಿಂಗಸುಗೂರಿನಲ್ಲಿ ನನಗೆ ಕೆಲಸ ಕಲಿಸಿದ ಡಾಕ್ಟರ್ ಸಾಹೇಬರ ಮಾತು. ಈಗ ಆರೋಗ್ಯ ನಿರೀಕ್ಷಕರಾಗಿ ಸೇರಿರುವ ಹುಡುಗ ಹುಡುಗಿಯರು ಆಗಾಗ ನನ್ನನ್ನು ನೋಡಲು ಬರುತ್ತಾರೆ. ಮನೆಯಲ್ಲಿ ರೊಟ್ಟಿ, ಬಿಸ್ಕತ್ತು, ಹೋಳಿಗೆ ಮಾಡಿ ಮಾರುವವರಿಗೂ ಈಗ ನೋಂದಣಿ ಬೇಕು, ಪೊಟ್ಟಣಕ್ಕೆ ಚೀಟಿ ಅಂಟಿಸಬೇಕು, ನಿಯಮದ ಪುಸ್ತಕ ದಪ್ಪವಾಗಿದೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳುತ್ತಾರೆ. ಹಿತ್ತಲಿನಿಂದ ಎನ್ನುತ್ತೇನೆ. ಅವರು ನಗುತ್ತಾರೆ. ನಗಲಿ. ಆದರೆ ಹಿತ್ತಲಿನಿಂದ ಶುರು ಮಾಡಿದರೂ ಸಾಲದು ಎಂದು ನಾನು ಕಲಿತದ್ದು ಮಸ್ಕಿಯ ಒಂದು ಮನೆಯಲ್ಲಿ. ಅದನ್ನು ಬರೆದಿಡುತ್ತೇನೆ. ಬಡ್ತಿ, ಸನ್ಮಾನಗಳ ಕಥೆ ಅವರಿಗೂ ಬೇಡ, ನನಗೂ ಬೇಡ.

ನನ್ನ ಊರು ಪಾಮನಕಲ್ಲೂರು. ನಮ್ಮ ಕೇರಿ ಊರ ಹೊರಗಿತ್ತು. ಊರ ಬಾವಿಯನ್ನು ನಾವು ಮುಟ್ಟುವಂತಿರಲಿಲ್ಲ. ಯಾರಾದರೂ ಪುಣ್ಯಾತ್ಮರು ಸೇದಿ ಎತ್ತರದಿಂದ ನಮ್ಮ ಕೊಡಕ್ಕೆ ಸುರಿದರೆ ನೀರು ಉಂಟು, ಇಲ್ಲವಾದರೆ ಇಲ್ಲ. ನಮ್ಮಪ್ಪ ಹುಲಿಗೆಪ್ಪ ನನ್ನನ್ನು ದೂರದ ಒಂದು ಹಾಸ್ಟೆಲಿಗೆ ಸೇರಿಸಿದರು. ಅಲ್ಲಿ ಎಲ್ಲವೂ ಗಂಟೆಯ ಪ್ರಕಾರ ನಡೆಯುತ್ತಿತ್ತು: ಏಳುವುದು, ಹಾಸಿಗೆ ಮಡಚುವುದು, ಉಗುರು ತೋರಿಸುವುದು, ಊಟ. ಉಗುರಲ್ಲಿ ಮಣ್ಣಿದ್ದರೆ ಊಟಕ್ಕೆ ಕೊನೆಯ ಸಾಲು. ಆ ಶಿಸ್ತನ್ನು ಬೈದುಕೊಂಡು ಬೆಳೆದವನು ನಾನು. ಆದರೆ ಮುಂದೆ ನನಗೆ ಅನ್ನ ಕೊಟ್ಟದ್ದು ಅದೇ ಶಿಸ್ತು. ಹೈದರಾಬಾದಿನಲ್ಲಿ ಸ್ಯಾನಿಟರಿ ಇನ್‌ಸ್ಪೆಕ್ಟರ್ ತರಬೇತಿ ಮುಗಿಸಿ ಲಿಂಗಸುಗೂರಿಗೆ ಬಂದಾಗ ನಿಜಾಮರ ಸರ್ಕಾರ ಹೋಗಿ ಇನ್ನೂ ಹೆಚ್ಚು ದಿನ ಆಗಿರಲಿಲ್ಲ. ಕಚೇರಿಯ ಕಾಗದಗಳೆಲ್ಲ ಉರ್ದುವಿನಲ್ಲೇ ಇದ್ದವು. ಜನ ನಮ್ಮನ್ನು ಕರೆಯುತ್ತಿದ್ದುದೂ ಹಳೆಯ ಹೆಸರಿನಿಂದಲೇ: ಸಫಾಯಿ ದರೋಗಾ.

ಡಾಕ್ಟರ್ ಸಾಹೇಬರು ಹೈದರಾಬಾದಿನವರು. ತೆಳ್ಳನೆಯ ಮನುಷ್ಯ, ಬಿಳಿ ಶೇರ್ವಾನಿ, ಕಿಸೆಯಲ್ಲಿ ಯಾವಾಗಲೂ ಸಾಬೂನಿನ ತುಂಡು. ಕನ್ನಡವನ್ನು ಉರ್ದುವಿನ ಜೊತೆ ಕಲಸಿ ಮಾತಾಡುತ್ತಿದ್ದರು. ಅವರ ಹತ್ತಿರ ಕೆಲಸ ಮಾಡಿದವರಿಗೆ ಬೇರೆ ಪುಸ್ತಕ ಬೇಕಿರಲಿಲ್ಲ.

ನಾನು ಬಂದ ಹೊಸದರಲ್ಲೇ ಒಂದು ಪ್ರಸಂಗ ನಡೆಯಿತು. ಮುದಗಲ್ಲಿನ ಕೋಟೆಯ ಹತ್ತಿರದ ಕೆಲವು ಮನೆಗಳಲ್ಲಿ ನಾನ್‌ಖಟಾಯಿ ಮಾಡಿ ಮಾರುತ್ತಿದ್ದರು. ತಟ್ಟೆಯ ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ ಹಾಕಿ ಬೇಯಿಸುವ ಪದ್ಧತಿ. ಓಣಿಯ ಬಾಯಿಗೆ ಹೋದರೆ ತುಪ್ಪದ ವಾಸನೆ ಕೈ ಹಿಡಿದು ಮನೆ ತೋರಿಸುತ್ತಿತ್ತು. ನನಗಿಂತ ಮೊದಲು ಇದ್ದ ದರೋಗಾ ಒಬ್ಬರು ನೊಣ ಕೂಡಬಾರದೆಂದು, ಒಲೆಯಿಂದ ಇಳಿಸಿದ ಕೂಡಲೇ ಡಬ್ಬಿಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಬೇಕು ಎಂದು ಅಪ್ಪಣೆ ಮಾಡಿ ಹೋಗಿದ್ದರು. ಒಂದು ದಿನ ವಯಸ್ಸಾದ ಹೆಂಗಸೊಬ್ಬಳು ಬಸ್ಸು ಹತ್ತಿ ಬಂದು ನೆಟ್ಟಗೆ ಡಾಕ್ಟರ ಮೇಜಿನ ಮೇಲೆ ಡಬ್ಬಿ ಇಟ್ಟಳು.

"ಮುಚ್ಚಂದ್ರಿ, ಮುಚ್ಚೀನಿ ಸಾಬ್. ಈಗ ನೋಡ್ರಿ, ಇದಕ್ಕ ಗಡ್ಡ ಬಂದೈತಿ. ನೀವ ಬೋಳಸ್ರಿ."

ಮುಚ್ಚಳ ತೆಗೆದರೆ ನಿಜವಾಗಿಯೂ ಬೂದು ಬಣ್ಣದ ಗಡ್ಡ. ಬಿಸಿಯಿದ್ದಾಗಲೇ ಮುಚ್ಚಿದ್ದರಿಂದ ಹಬೆ ಒಳಗೇ ನೀರಾಗಿ ಬೂಸ್ಟು ಹಿಡಿದಿತ್ತು. ಡಾಕ್ಟರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಆಮೇಲೆ ಎದ್ದು ನಿಂತು ಆಕೆಗೆ ಕೈ ಮುಗಿದು, "ಅಮ್ಮಾ, ತಪ್ಪು ನಮ್ದು. ಆರಿದ ಮ್ಯಾಲ ಮುಚ್ಚಿ" ಎಂದರು. ಆಕೆ ಹೋದ ಮೇಲೆ ನನ್ನ ಕಡೆ ತಿರುಗಿದರು. "ಒಲೆ ಹೊತ್ತಿಸೋದ್ರಿಂದ ಬುಟ್ಟಿ ಕಟ್ಟೋ ತನಕ ಕೂತು ನೋಡದವರು ನಿಯಮ ಬರೀಬಾರದು. ಆಧಾ ದೇಖೆ ತೋ ಕುಚ್ ನೈ ದೇಖೆ." ಅರ್ಧ ನೋಡಿದರೆ ಏನೂ ನೋಡಿದಂತಲ್ಲ ಎಂದು ಅದರ ಅರ್ಥ.

ಅವರ ಇನ್ನೊಂದು ಕಟ್ಟುನಿಟ್ಟು: ತಪಾಸಣೆಗೆ ಹೋದ ಕಡೆ ಏನನ್ನೂ ತಿನ್ನಬಾರದು, ಒಂದು ಲೋಟ ನೀರು ಕೂಡ ಕುಡಿಯಬಾರದು. ಇವತ್ತು ನೀರು, ನಾಳೆ ಚಹಾ, ಆಮೇಲೆ ಮುಚ್ಚಿದ ಕಣ್ಣು. ನನ್ನ ಸೈಕಲ್ಲಿಗೆ ನೀರಿನ ಬಾಟಲಿ ಕಟ್ಟಿಕೊಂಡೇ ತಿರುಗಿದೆ. ಈ ನಿಯಮದಿಂದ ಅನೇಕ ಮನೆಯವರಿಗೆ ದೊಡ್ಡ ನೆಮ್ಮದಿಯಾಯಿತು ಎಂಬುದನ್ನು ನಾನು ಬೇಗ ಗಮನಿಸಿದೆ. ದರೋಗಾ ಸಾಹೇಬರಿಗೆ ನೀರು ಕೊಡಬೇಕು, ಆದರೆ ಯಾವ ಲೋಟದಲ್ಲಿ ಕೊಡುವುದು ಎಂಬ ಚಿಂತೆ ಅವರ ಮುಖದಲ್ಲಿ ಬರುವಷ್ಟರಲ್ಲಿ ನಾನೇ ಬೇಡ ಎನ್ನುತ್ತಿದ್ದೆ. ಅವರಿಗೂ ಸರಿ, ನನಗೂ ಸರಿ.

ಮುಂದೆ ಸಿಂಧನೂರು ಕಡೆ ಕಾಲುವೆ ಕೆಲಸ ಜೋರಾಯಿತು. ತುಂಗಭದ್ರೆಯ ನೀರು ಬರುತ್ತದೆಂದು ಎರೆಭೂಮಿಯಲ್ಲಿ ಎಲ್ಲೆಂದರಲ್ಲಿ ಮಣ್ಣಿನ ಗುಡ್ಡೆ, ತಗಡಿನ ಶೆಡ್ಡು, ತೆಲುಗು ಮಾತು. ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿಯ ಒಂದು ಕ್ಯಾಂಪಿಗೆ ಮಸ್ಕಿಯ ಹೆಂಗಸರು ಖಡಕ್ ರೊಟ್ಟಿ ಮಾರಲು ಕಳಿಸುತ್ತಿದ್ದರು. ಜೋಳದ ರೊಟ್ಟಿಯನ್ನು ಹೆಂಚಿನ ಮೇಲೆ ಬೇಯಿಸಿ, ಮತ್ತೆ ಒಲೆಯ ಮಗ್ಗುಲಲ್ಲಿ ಒತ್ತಿ ಒಣಗಿಸಿದರೆ ಹಪ್ಪಳದ ಹಾಗಾಗುತ್ತದೆ. ವಾರಗಟ್ಟಲೆ ಕೆಡುವುದಿಲ್ಲ. ಮಣ್ಣು ಹೊತ್ತು ಬಂದವರಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ಇನ್ನೇನು ಬೇಕು?

ಈ ರೊಟ್ಟಿಯ ಕೆಲಸ ಶುರು ಮಾಡಿದವರು ಬಸಮ್ಮ. ಗಂಡ ತೀರಿಕೊಂಡಿದ್ದರು. ಮನೆಯಲ್ಲಿದ್ದವರು ಬಸಮ್ಮ ಮತ್ತು ಅತ್ತೆ ಗೌರಮ್ಮ. ಹೊಲವನ್ನು ಭಾವಂದಿರು ನುಂಗಿದ್ದರು. ಲಿಂಗಾಯತರ ಆಚಾರವಂತ ಮನೆತನ. ಮಠದಲ್ಲಿ ಪ್ರಸಾದ ಇದ್ದಾಗ ಇವರ ಮನೆಯ ರೊಟ್ಟಿಯೇ ಹೋಗುತ್ತಿತ್ತು. ಆ ಹೆಸರಿನ ಬಲದ ಮೇಲೆ ಬಸಮ್ಮ ಕ್ಯಾಂಪಿನ ವ್ಯಾಪಾರ ಹಿಡಿದರು. ಓಣಿಯ ಇತರ ಹೆಂಗಸರು ಅವರನ್ನು ನೋಡಿ ತಾವೂ ಒಲೆ ಹೊತ್ತಿಸಿದರು.

ಒಂದು ಬೇಸಗೆ ಕ್ಯಾಂಪಿನಲ್ಲಿ ವಾಂತಿ ಭೇದಿ ಎದ್ದಿತು. ಕಾಲುವೆ ಕೆಲಸದ ಗುತ್ತೇದಾರ ಅಲ್ಲಿ ತನ್ನದೇ ಒಂದು ತಿನಿಸಿನ ಅಂಗಡಿ ಇಟ್ಟಿದ್ದ, ಅವನಿಗೆ ಇದೇ ಸಾಕಾಯಿತು. ಡಾಕ್ಟರ್ ಸಾಹೇಬರು ಹೋದಾಗ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಕೂಗಾಡಿದ: "ಇಂಟಿ ರೊಟ್ಟೆ ಸಾರ್, ಮನೆ ರೊಟ್ಟಿ! ಯಾರು ಮಾಡ್ತಾರೆ, ಹೆಂಗ ಮಾಡ್ತಾರೆ, ಯಾರಿಗಿ ಗೊತ್ತು? ಬಂದ್ ಮಾಡಿಸಿ!" ಕ್ಯಾಂಪಿನ ಅಧಿಕಾರಿ, ಆರೋಗ್ಯ ಖಾತೆಯ ಚೀಟಿ ಇಲ್ಲದ ಮನೆಯ ತಿನಿಸು ಒಳಗೆ ಬರಕೂಡದು ಎಂದರು. ಮುಂದಿನ ಸಂತೆಯೊಳಗೆ ಚೀಟಿ ತರದಿದ್ದರೆ ರೊಟ್ಟಿಯ ಜಾಗ ಗುತ್ತೇದಾರನ ಅಂಗಡಿಗೆ ಕಾಯಂ ಎಂದೂ ಹೇಳಿದರು.

ಡಾಕ್ಟರು ಗುತ್ತೇದಾರನನ್ನು ಅಲ್ಲೇ ಬಿಟ್ಟು ಅವನ ನೀರಿನ ಬ್ಯಾರಲ್ಲುಗಳ ಹತ್ತಿರ ಹೋಗಿ ನಿಂತರು. ಒಂದಕ್ಕೂ ಮುಚ್ಚಳ ಇರಲಿಲ್ಲ. ನಾವು ಕೊಟ್ಟಿದ್ದ ಬ್ಲೀಚಿಂಗ್ ಪುಡಿಯ ಚೀಲದ ಬಾಯಿ ಬಿಚ್ಚಿಯೇ ಇರಲಿಲ್ಲ. ನಾನು ಗೆದ್ದವನ ಹಾಗೆ, "ನೋಡಿ ಸರ್, ತಪ್ಪು ಇಲ್ಲಿದೆ" ಎಂದೆ.

"ಇಲ್ಲೈತಿ. ಅದಕ್ಕ ಅಲ್ಲಿ ಇಲ್ಲ ಅಂತ ಯಾರು ಹೇಳಿದ್ರು?" ಎಂದರು ಡಾಕ್ಟರು. "ಇನ್ನೊಬ್ಬರ ಕೊಳೆ ನಮ್ಮನ್ನು ತೊಳೆಯೋದಿಲ್ಲ ಮಿಯಾ. ಮಸ್ಕಿಗೆ ಹೋಗಿ ಅಡಿಗೆ ಮನೆ ನೋಡಿ ಬಾ."

ಮನೆಯಲ್ಲಿ ಮಾಡಿ ಮಾರುವವರಿಗೆಂದು ನಮ್ಮಲ್ಲಿ ಬೇರೆ ನಿಯಮ ಇರಲಿಲ್ಲ. ಬೇಕರಿಗಳಿಗೆ, ನಾನ್ ರೊಟ್ಟಿ ಸುಟ್ಟು ಮಾರುವ ನಾನ್‌ಬಾಯಿ ಅಂಗಡಿಗಳಿಗೆ ಇದ್ದ ಉರ್ದು ನಿಯಮಗಳನ್ನು ಡಾಕ್ಟರು ಓದಿ ಹೇಳಿದರು, ನಾನು ಮನೆಗೆ ಹೊಂದುವ ಹಾಗೆ ಕನ್ನಡ ಮಾಡಿದೆ. ಹಿಟ್ಟು ನೆಲದಿಂದ ಎತ್ತರದಲ್ಲಿರಬೇಕು. ನೆಲ ಸಾರಿಸುವುದಿದ್ದರೆ ಹಿಂದಿನ ಸಂಜೆಯೇ ಸಾರಿಸಿ ಒಣಗಿಸಬೇಕು. ರೊಟ್ಟಿ ಆರಿದ ಮೇಲೆ ಬುಟ್ಟಿಗೆ ಮುಚ್ಚಳ. ಈ ಕೊನೆಯದು ಮುದಗಲ್ಲಿನ ಗಡ್ಡದ ಪಾಠ. ಮತ್ತೊಂದು: ತಯಾರಿಸುವ ಜಾಗದೊಳಗೆ ಬರುವವರು, ಮನೆಯವರಾಗಲಿ ಅಧಿಕಾರಿಯಾಗಲಿ, ಕೈಕಾಲು ತೊಳೆದು, ಉಗುರು ಕತ್ತರಿಸಿ, ಒಗೆದ ಬಟ್ಟೆ ಉಟ್ಟಿರಬೇಕು, ಜ್ವರ, ಭೇದಿ, ಕಜ್ಜಿ ಇದ್ದವರು ಬರಕೂಡದು.

ನಾನು ಮಸ್ಕಿಗೆ ಹೋದಾಗ ಬಸಮ್ಮನ ಅಂಗಳದಲ್ಲಿ ಒಂದು ಸ್ಟೂಲು ಹಾಕಿದ್ದರು. ಅಂಗಳದಲ್ಲಿ, ಪಡಸಾಲೆಯಲ್ಲಲ್ಲ. ಅದರ ಅರ್ಥ ನನಗೆ ಗೊತ್ತಿತ್ತು. ಓಣಿಯ ಹೆಂಗಸರು ಗೋಡೆಗೆ ಆನಿಸಿ ಕೂತಿದ್ದರು. ಗೌರಮ್ಮ ಹಣೆಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿದರು. ಅವರ ಕಣ್ಣಿಗೆ ಪೊರೆ ಬಂದಿತ್ತು.

"ಯಾರ್ಬೇ ಬಸವ್ವಾ ಇವ್ರು?"

"ದರೋಗಾ ಸಾಹೇಬ್ರು, ಅತ್ತಿ. ಪಾಮನಕಲ್ಲೂರವ್ರು."

"ಪಾಮನಕಲ್ಲೂರಾಗ ಯಾರ ಪೈಕಿ?"

ಬಸಮ್ಮ ನನ್ನ ಕಡೆ ನೋಡಿದರು. ನಾನೇ ಹೇಳಿದೆ: "ಹುಲಿಗೆಪ್ಪನ ಮಗ ರೀ ಅಮ್ಮ."

"ಹೌದಾ," ಎಂದರು ಗೌರಮ್ಮ. ಹೆಸರು ಗೊತ್ತಿರಬೇಕು, ಸ್ವಲ್ಪ ಹಿಂದಕ್ಕೆ ಸರಿದು ಕೂತರು.

ನಾನು ನಿಯಮಗಳನ್ನು ಓದಿದೆ. ಕೈಕಾಲು ತೊಳೆಯುವ ಮಾತು ಬಂದಾಗ ಗೌರಮ್ಮ ಸಿಟ್ಟಾದರು. "ಹೊಲಸ ಕೈಲೆ ರೊಟ್ಟಿ ಬಡೀತೀವೇನೋ ಯಪ್ಪಾ ನಾವು? ಜಳಕಾ ಆಗದ ಒಲಿ ಮುಟ್ಟಿದಾಕಿ ಅಲ್ಲ ನಾನು." ಹೆಂಗಸರು ಕಿಸಕ್ಕೆಂದರು. ಬಸಮ್ಮ ಮಾತ್ರ ನಗಲಿಲ್ಲ. "ಆ ಒಳಗ ಬರೋರದು ಇನ್ನೊಮ್ಮಿ ಓದ್ರಿ ಸಾಹೇಬ್ರ" ಎಂದರು. ಓದಿದೆ. ಕೇಳಿಸಿಕೊಂಡು ತಲೆಯಾಡಿಸಿದರು, ಅಷ್ಟೆ.

ಅವತ್ತು ನಾನು ಹಿತ್ತಲು ನೋಡಿದೆ. ಬಚ್ಚಲು, ಕೊಡ, ಹಿಟ್ಟಿನ ಡಬ್ಬಿ ಎಲ್ಲ ಚೊಕ್ಕಟ. ಅಡಿಗೆ ಮನೆಯನ್ನು ಹಿತ್ತಲ ಬಾಗಿಲ ಹೊಸ್ತಿಲಾಚೆ ನಿಂತು ನೋಡಿದೆ. ಬಸಮ್ಮ ಎಸರಿನ ಕುದಿಯುವ ನೀರನ್ನು ಹಿಟ್ಟಿಗೆ ಹಾಕಿ ನಾದಿದರು, ಬಡಿದರು, ಹೆಂಚಿಗೆ ಹಾಕಿ ಒದ್ದೆ ಅರಿವೆಯಿಂದ ಮೇಲೆ ನೀರು ಸವರಿದರು, ತಿರುವಿದರು. ಆ ಕೈಗಳ ಓಟವನ್ನು ನೋಡುತ್ತಾ ನಿಂತರೆ ಬಂದ ಕೆಲಸ ಮರೆಯುವಂತಿತ್ತು. ಬೆಂದ ರೊಟ್ಟಿಯನ್ನು ಎಡಗಡೆಗೆ ಕೊಟ್ಟರು. ಎಡಗಡೆ ಗೋಡೆಯ ಮರೆ. ಅಲ್ಲಿಂದ ಖಡಕ್ ಆದ ರೊಟ್ಟಿ ಬುಟ್ಟಿಗೆ ಬರುತ್ತಿತ್ತು.

ಲಿಂಗಸುಗೂರಿಗೆ ಹೋಗಿ ಎಲ್ಲ ಸರಿಯಿದೆ ಎಂದೆ. ಡಾಕ್ಟರು ಚೀಟಿಗೆ ಸಹಿ ಹಾಕಲು ಪೆನ್ನು ತೆಗೆದವರು ನಿಲ್ಲಿಸಿದರು.

"ಹೆಂಚಿನಿಂದ ಇಳಿದ ರೊಟ್ಟಿ ಎಲ್ಲಿ ಹೋಯ್ತು?"

"ಎಡಕ್ಕೆ ಸರ್. ಒಲೆಯ ಮಗ್ಗುಲಿಗೆ."

"ಅಲ್ಲಿ ಯಾರಿದ್ರು? ಏನ್ ಮಾಡಿದ್ರು?"

"ಹೊಸ್ತಿಲಿನಿಂದ ಕಾಣಲಿಲ್ಲ."

"ಒಳಗೆ ಯಾಕ ಹೋಗಲಿಲ್ಲ?" ಎಂದು ಕೇಳಿದವರು ನನ್ನ ಮುಖ ನೋಡಿ ಪೆನ್ನು ಮುಚ್ಚಿದರು. ಮೆಲ್ಲಗೆ, "ಕಾಯ್ದೆ ನಿನ್ನ ಕಡೆ ಐತಿ. ಪೊಲೀಸ್ ಜವಾನರನ್ನ ಕಳಿಸಲೇನು?" ಎಂದರು.

ನಾನು ಬೇಡ ಎಂದೆ. ಪೊಲೀಸರನ್ನು ಕರೆದುಕೊಂಡು ಹೋದರೆ ಆ ಅಡಿಗೆ ಮನೆಗೆ ಒಮ್ಮೆ ಹೋಗಬಹುದು. ಆ ಮೇಲೆ ಯಾವ ಅಡಿಗೆ ಮನೆಯವರೂ ನನಗೆ ನಿಜ ಹೇಳುವುದಿಲ್ಲ. ಅಷ್ಟೇ ಅಲ್ಲ, ಹೊಡೆತ ಬೀಳುವುದು ಬಸಮ್ಮನ ಮೇಲೆ. ನಾನು ಒಳಗೆ ಕಾಲಿಟ್ಟದ್ದು ತಿಳಿದರೆ ಮಠ ಅವರ ರೊಟ್ಟಿ ಬಿಡುತ್ತದೆ. ಕಾಲಿಡದಿದ್ದರೆ ಕ್ಯಾಂಪು ಬಿಡುತ್ತದೆ. ನನ್ನ ಬದಲು ಒಳಗೆ ಕಳಿಸೋಣವೆಂದರೆ ದವಾಖಾನೆಯಲ್ಲಿ ನರ್ಸಮ್ಮ ಒಬ್ಬರೇ, ಅವರನ್ನು ಹೆರಿಗೆ ಕೋಣೆ ಬಿಡಿಸಿ ಕರೆದೊಯ್ಯುವಂತಿರಲಿಲ್ಲ. "ಅವರಿಗೇ ಹೋಗಿ ಹೇಳು," ಎಂದರು ಡಾಕ್ಟರು. "ಮನೆ ಅವರದು, ದಾರಿ ಅವರು ಹುಡುಕಲಿ. ಆದ್ರ ಆ ಮೂಲಿ ನೋಡದ ನಾನು ಸಹಿ ಮಾಡೋದಿಲ್ಲ."

ಇದ್ದದ್ದನ್ನು ಇದ್ದ ಹಾಗೆ ಬಸಮ್ಮನಿಗೆ ಹೇಳಿದೆ. ಅವರು ಸೆರಗು ಬಿಗಿದು, "ನೀವು ಒಳಗ ಬರೂದು ಬ್ಯಾಡ. ಒಲಿನ ಹೊರಗ ತರ್ತೀನಿ. ಎಲ್ಲಾ ಮೂಲಿ ನೋಡ್ರಿ" ಎಂದರು. ಮರುದಿನ ಅಂಗಳದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದರು. ಸುತ್ತ ಚಾಪೆ ಕಟ್ಟಿದರು. ಬುದ್ಧಿವಂತಿಕೆಯ ಉಪಾಯ. ಆದರೆ ಅದು ಗಾಳಿಯ ಕಾಲ. ಓಣಿಯ ದೂಳೆಲ್ಲ ಎದ್ದು ಬಂದು ಹಿಟ್ಟು ನಾದುವ ಕೊಣಮಿಗೆಯಲ್ಲಿ ಕೂತಿತು. ಬಸಮ್ಮ ಮೊದಲ ರೊಟ್ಟಿಯನ್ನು ತಾವೇ ಮುರಿದು ಬಾಯಿಗೆ ಹಾಕಿಕೊಂಡು ಉಗುಳಿದರು.

"ಇದು ರೊಟ್ಟಿ ಅಲ್ರೀ, ಸಾಣಿಕಲ್ಲು. ಕುಡುಗೋಲು ಮಸೀಬೋದು."

ನಾನು ಏನೂ ಹೇಳುವ ಮೊದಲೇ ಒಲೆ ಕೆಡವಿದರು. ನನ್ನ ವೃತ್ತಿಯಲ್ಲಿ ತಮ್ಮ ಮಾಲನ್ನು ತಾವೇ ತಿರಸ್ಕರಿಸಿದವರು ಬಹಳ ಅಪರೂಪ. ಎಷ್ಟು ಜನ ವ್ಯಾಪಾರಿಗಳು ಕಲ್ಲು ಬೆರೆತ ಹಿಟ್ಟನ್ನು ನನ್ನ ಎದುರೇ ನಾಲಿಗೆ ಮೇಲಿಟ್ಟುಕೊಂಡು "ಬೆಣ್ಣಿ ರೀ ಸಾಹೇಬ್ರ, ಬೆಣ್ಣಿ" ಎಂದಿಲ್ಲ!

ಸಂತೆ ಹತ್ತಿರ ಬಂತು. ನಾನು ಹೋದಾಗ ಅತ್ತೆ ಸೊಸೆಯ ಮಾತು ಅಂಗಳಕ್ಕೇ ಕೇಳಿಸುತ್ತಿತ್ತು. ಓಣಿಯ ಹೆಂಗಸರು ಅವತ್ತೂ ಗೋಡೆಗೆ ಆನಿಸಿ ಕೂತಿದ್ದರು. ಬಸಮ್ಮನ ಮನೆಗೆ ಚೀಟಿ ಬಂದರೆ ತಮ್ಮ ಮನೆಗೂ ಬಂದಂತೆ ಎಂದು ಅವರಿಗೆ ಗೊತ್ತಿತ್ತು.

"ಮಠದವ್ರು ನಾಳಿಂದ ನಮ್ಮ ರೊಟ್ಟಿ ಮುಟ್ಟಂಗಿಲ್ಲ, ತಿಳಕೊ," ಎನ್ನುತ್ತಿದ್ದರು ಗೌರಮ್ಮ. "ನಿಮ್ಮ ಮಾವ ಇದ್ದಿದ್ರ..."

"ಮಾವ ಇದ್ದಿದ್ರ ಹೊಲಾನೂ ಇರ್ತಿತ್ತು, ಅತ್ತಿ. ಮಠದವ್ರು ಹುಣ್ಣಿವಿ ಅಮಾಸಿಗೆ ಒಮ್ಮಿ ನೆನಸ್ತಾರ. ಕ್ಯಾಂಪಿನವ್ರು ದಿನಾ ಹಸೀತಾರ."

"ಒಳಗ ದೇವ್ರ ಜಗಲಿ ಐತಿ!"

"ಐತಿ. ದೇವ್ರಿಗೆ ಎಲ್ಲಾ ಗೊತ್ತೈತಿ. ಕಾಣದ್ದು ನಮಗ." ಬಸಮ್ಮ ಹೊರಗೆ ಬಂದು ನನ್ನನ್ನು ನೋಡಿದರು. "ಸಾಹೇಬ್ರ, ಅವತ್ತು ಓದಿದ್ರೆಲ್ಲ, ಒಳಗ ಬರೋರು ಹೆಂಗಿರಬೇಕು ಅಂತ. ನಮ್ಮ ಅತ್ತಿಗೆ ಕೇಳಂಗ ಓದ್ರಿ."

ಓದಿದೆ. ಮನೆಯವರಾಗಲಿ ಅಧಿಕಾರಿಯಾಗಲಿ, ಕೈಕಾಲು ತೊಳೆದು, ಉಗುರು ಕತ್ತರಿಸಿ, ಒಗೆದ ಬಟ್ಟೆ ಉಟ್ಟು.

"ಅದರಾಗ ಯಾವ ಕೇರಿಯವ್ರು ಅಂತ ಬರದೈತೇನ್ರಿ?"

"ಇಲ್ಲ."

"ಜ್ವರ ಅದಾವೇನು ನಿಮಗ?"

"ಇಲ್ಲ."

"ಬಚ್ಚಲದಾಗ ನೀರು ಇಟ್ಟೀನಿ. ತೊಳಕೊಂಡು ಬರ್ರಿ."

ಬಚ್ಚಲಿಗೆ ಹೋದೆ. ಹಂಡೆಯ ಪಕ್ಕ ಹಿತ್ತಾಳೆಯ ತಂಬಿಗೆ ಇತ್ತು. ಎತ್ತರದಿಂದ ಸುರಿಯಲು ಯಾರೂ ನಿಂತಿರಲಿಲ್ಲ. ನಾನೇ ತಂಬಿಗೆ ಎತ್ತಿಕೊಂಡೆ, ನಾನೇ ಮೊಗೆದೆ. ಹಾಸ್ಟೆಲಿನಲ್ಲಿ ಕಲಿತ ಹಾಗೆ ಬೆರಳ ಸಂದಿ, ಮೊಣಕೈ, ಹಿಮ್ಮಡಿ. ಅಷ್ಟು ಶ್ರದ್ಧೆಯಿಂದ ನಾನು ಯಾವತ್ತೂ ತೊಳೆದುಕೊಂಡಿರಲಿಕ್ಕಿಲ್ಲ. ಆಮೇಲೆ ಹೊಸ್ತಿಲು ದಾಟಿದೆ.

ಎಡ ಮೂಲೆಯಲ್ಲಿ ಗೌರಮ್ಮ ಬಂದು ಕೂತಿದ್ದರು. ಮುಖ ಗೋಡೆಯ ಕಡೆಗೆ. ಬೆಂದ ರೊಟ್ಟಿಯನ್ನು ಒಲೆಯ ಮಗ್ಗುಲಿಗೆ ಆನಿಸಿ, ಮಡಿಚಿದ ಅರಿವೆಯಿಂದ ಒತ್ತಿ ಒತ್ತಿ ಖಡಕ್ ಮಾಡುವುದು ಅವರ ಕೆಲಸ. ಪೊರೆಯ ಕಣ್ಣಿನಲ್ಲೂ ಒಂದು ರೊಟ್ಟಿಯೂ ಸೀಯುತ್ತಿರಲಿಲ್ಲ. ಕಿವಿಯಿಂದಲೇ ತಿಳಿದುಕೊಳ್ಳುತ್ತಿದ್ದರು: ಹದಕ್ಕೆ ಬಂದ ರೊಟ್ಟಿ ಒತ್ತಿದರೆ ಸಣ್ಣಗೆ ಚಿಟಚಿಟ ಎನ್ನುತ್ತದೆ. ನಾನು ಆ ಅರಿವೆ ಕೇಳಿದೆ. ಕೊಡಲಿಲ್ಲ. ಬಸಮ್ಮ ತೆಗೆದುಕೊಟ್ಟರು. ಹಳೆಯ ಸೀರೆಯ ತುಂಡು. ನೋಡಲು ಬೆಳ್ಳಗಿತ್ತು. ಮೂಗಿನ ಹತ್ತಿರ ಹಿಡಿದೆ. ಮುಗ್ಗಲು ವಾಸನೆ, ಅದರ ಅಡಿಯಲ್ಲಿ ನಿಂತ ನೀರಿನ ವಾಸನೆ.

"ಇದನ್ನು ಎಲ್ಲಿ ಒಗೀತೀರಿ ಅಮ್ಮ?"

"ಎಲ್ಲಿ ಅಂದ್ರ? ಹಳ್ಳದಾಗ. ದಿನಾ ನಸುಕಿಲೆ ಜಳಕಕ್ಕ ಹೋದಾಗ ನಾನ ಕೈಯಾರೆ ಒಗೀತೀನಿ. ಏನಾಗೈತಿ ನನ್ನ ಅರಿವಿಗೆ?"

ಬೇಸಗೆಯ ಹಳ್ಳ. ಹರಿಯುವುದು ನಿಂತು ಗುಂಡಿಗಳಲ್ಲಿ ಮಾತ್ರ ನೀರು. ಅದೇ ಗುಂಡಿಯಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದರು, ಹಾಸಿಗೆ ಹಿಡಿದವರ ಬಟ್ಟೆ ಒಗೆಯುತ್ತಿದ್ದರು. ಕುದಿಯುವ ಎಸರು, ಕಾದ ಹೆಂಚು ಎಲ್ಲವನ್ನೂ ದಾಟಿ ಶುದ್ಧವಾಗಿ ಬಂದ ರೊಟ್ಟಿಗೆ ಕಟ್ಟಕಡೆಗೆ ಹಳ್ಳದ ನೀರಿನ ಆ ಒದ್ದೆ ಅರಿವೆ ತಾಗುತ್ತಿತ್ತು. ಹೊಸ್ತಿಲಿನಿಂದ ಇದು ಯಾವ ಜನ್ಮಕ್ಕೂ ಕಾಣುತ್ತಿರಲಿಲ್ಲ. ನಾನು ಇದನ್ನು ಬಿಡಿಸಿ ಹೇಳಿದೆ, ದಿನವೂ ಅರಿವೆಯನ್ನು ಕುದಿಸಿ ಒಣಗಿಸಿದ್ದನ್ನೇ ಬಳಸಬೇಕು ಎಂದೆ.

ಗೌರಮ್ಮ ಗೋಡೆಯ ಕಡೆಯಿಂದ ತಿರುಗಿದರು. "ಕುದಸೂದಾ? ಸಾರು ಮಾಡ್ಲೇನು ಅದರದು? ಒಗ್ಗರಣಿ ಹಾಕ್ಲೇನು?"

ಬಸಮ್ಮ ಮೊದಲ ಬಾರಿಗೆ ನಕ್ಕರು. ನನಗೂ ತಡೆಯಲಾಗಲಿಲ್ಲ. ಹೊರಗೆ ಗೋಡೆಗೆ ಆನಿಸಿ ಕೂತವರೂ ನಕ್ಕರು. ನಗು ನಿಂತ ಮೇಲೆ ಬಸಮ್ಮ ಎಸರಿನ ಗಡಿಗೆಯಲ್ಲಿ ಹಿಟ್ಟಿಗೆ ತೆಗೆದು ಉಳಿದ ನೀರನ್ನು ಬೇರೆ ಪಾತ್ರೆಗೆ ಸುರಿದು ಮತ್ತೆ ಒಲೆಗೆ ಇಟ್ಟರು, ಅರಿವೆಯನ್ನು ಅದರಲ್ಲಿ ಹಾಕಿದರು. ಸ್ವಲ್ಪ ಹೊತ್ತಿಗೆ ನೀರು ಕೆಸರಿನ ಬಣ್ಣಕ್ಕೆ ತಿರುಗಿತು. ಆ ಪಾತ್ರೆಯನ್ನು ಅತ್ತೆಯ ಮುಂದೆ ಇಟ್ಟರು. ಗೌರಮ್ಮ ಬಗ್ಗಿದರು. ಕಣ್ಣಿಗೆ ಕಾಣದಿದ್ದರೂ ಹಬೆಯ ವಾಸನೆ ಮೂಗಿಗೆ ಬಡಿಯಿತು. "ಶಿವಶಿವಾ" ಎಂದು ಸೆರಗು ಮೂಗಿಗೆ ಹಿಡಿದರು. ಆಮೇಲೆ, ಗೋಡೆಗೋ ನನಗೋ ಎಂಬಂತೆ, "ಒಂದ ಅರಿವಿ ಸಾಲಂಗಿಲ್ಲ ಹಂಗಾರ. ಬದ್ಲಿ ಬೇಕಾಕ್ಕಾವ" ಎಂದರು. ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು.

ಸಂತೆಯ ಮುಂಚಿನ ದಿನ ಡಾಕ್ಟರ್ ಸಾಹೇಬರೇ ಬಂದರು. ಕಿಸೆಯ ಸಾಬೂನು ತೆಗೆದು ಬಚ್ಚಲಲ್ಲಿ ಕೈಕಾಲು ತೊಳೆದು, ಹೊಸ್ತಿಲಾಚೆ ನಿಂತು, "ಅಮ್ಮಾ, ಬರಬಹುದಾ?" ಎಂದು ಕೇಳಿದರು. ಬಸಮ್ಮ ತಲೆಯಾಡಿಸಿದ ಮೇಲೆ ಒಳಗೆ ಬಂದರು. ಒಲೆಯ ಮೇಲೆ ಹಗ್ಗ ಕಟ್ಟಿ, ಕುದಿಸಿದ ಅರಿವೆಗಳನ್ನು ಹೊಗೆಗೆ ಒಣಹಾಕಿದ್ದರು. ಡಾಕ್ಟರು ಒಂದನ್ನು ಮೂಸಿ ನೋಡಿ ಅಲ್ಲಿಯೇ ಚೀಟಿಗೆ ಸಹಿ ಮಾಡಿದರು. ವಾಪಸು ಹೋಗುತ್ತಾ ಕ್ಯಾಂಪಿನಲ್ಲಿ ಇಳಿದು ಗುತ್ತೇದಾರನಿಗೆ ಹೇಳಿದರು: "ಮನೆ ರೊಟ್ಟಿಯವರು ಅರಿವೆ ಕುದಿಸಿದ್ರು. ನೀವು ಬ್ಯಾರಲ್ ಮುಚ್ಚಿ." ಭೇದಿ ನಿಂತಿತು. ಬ್ಯಾರಲ್ಲಿಗೆ ಬಿದ್ದ ಪುಡಿಯಿಂದಲೋ, ಅರಿವೆ ಕುದಿಸಿದ್ದರಿಂದಲೋ ಗೊತ್ತಾಗಲಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇಲ್ಲ ಎಂದರು ಡಾಕ್ಟರು, ಎರಡನ್ನೂ ಬಿಡದೆ ಮಾಡಿದರೆ ಸಾಕು.

ಮಠದವರು ರೊಟ್ಟಿ ನಿಲ್ಲಿಸಿದರು. ಅತ್ತೆ ಹೇಳಿದ ಮಾತು ಸುಳ್ಳಾಗಲಿಲ್ಲ. ಬಸಮ್ಮ ಅದನ್ನು ನನಗೆ ಯಾವತ್ತೂ ಹೇಳಲಿಲ್ಲ, ಬೇರೆಯವರಿಂದ ತಿಳಿಯಿತು. ಓಣಿಯಲ್ಲಿ ಕೆಲವರು ಬಸಮ್ಮನ ಹಾದಿ ಹಿಡಿದು ನನ್ನನ್ನು ಒಳಗೆ ಕರೆದರು. ಕೆಲವರು ಕೊನೆಯ ತನಕ ಕರೆಯಲಿಲ್ಲ, ಅವರಿಗೆ ಚೀಟಿ ಸಿಗಲಿಲ್ಲ. ನಾನು ಒತ್ತಾಯ ಮಾಡಲೂ ಇಲ್ಲ, ರಿಯಾಯಿತಿ ಕೊಡಲೂ ಇಲ್ಲ.

ಮುಂದೆ ಕಲಬೆರಕೆ ತಡೆಯುವ ಹೊಸ ಕಾಯ್ದೆ ಬಂತು. ಮಾದರಿ ತೆಗೆಯುವುದು, ಬಾಟಲಿಗೆ ಅರಗಿನ ಮುದ್ರೆ ಒತ್ತುವುದು, ಪ್ರಯೋಗಾಲಯಕ್ಕೆ ಕಳಿಸುವುದು ಶುರುವಾಯಿತು. ಒಳ್ಳೆಯದೇ. ಆದರೆ ಪ್ರಯೋಗಾಲಯ ನಿಮ್ಮ ಮುಂದಿಟ್ಟ ರೊಟ್ಟಿಯ ಬಗ್ಗೆ ಹೇಳುತ್ತದೆ. ಅರಿವೆ ಎಲ್ಲಿ ಒಗೆದರು ಎಂದು ಹೇಳುವುದಿಲ್ಲ. ಅದಕ್ಕೆ ಮನೆಯವರು ನಿಮ್ಮನ್ನು ಒಳಗೆ ಕರೆಯಬೇಕು. ಕರೆಯುವಂತೆ ನೀವು ನಡೆದುಕೊಳ್ಳಬೇಕು. ಒಳಗೆ ಹೋಗುವಾಗ ನಿಯಮ ಮೊದಲು ನಿಮಗೆ, ಆಮೇಲೆ ಅವರಿಗೆ.

ಚೀಟಿ ಕೊಟ್ಟ ದಿನ ಬಸಮ್ಮ ತಟ್ಟೆಯಲ್ಲಿ ಬಿಸಿ ರೊಟ್ಟಿ, ಮೇಲೆ ಬೆಣ್ಣೆ ಇಟ್ಟು ನನ್ನ ಮುಂದೆ ತಂದಿದ್ದರು. ಮನೆಯವರು ಉಣ್ಣುವ ಹಿತ್ತಾಳೆ ತಟ್ಟೆ. ನಾನು ಬೇಡ ಎಂದೆ. ತಪಾಸಣೆಯ ಮನೆಯಲ್ಲಿ ನೀರೂ ಕುಡಿಯುವಂತಿಲ್ಲ, ಇದು ನಮ್ಮ ಪದ್ಧತಿ ಎಂದೆ. ಆ ಹೊತ್ತಿನಲ್ಲಿ ಹಾಗೆ ಹೇಳುವುದು ನನಗೆ ಎಷ್ಟು ಕಷ್ಟವಾಯಿತು ಎಂದು ಬರೆಯುವುದು ಬೇಡ. ಬಸಮ್ಮ ತಟ್ಟೆ ಹಿಡಿದುಕೊಂಡೇ ನನ್ನನ್ನು ದಿಟ್ಟಿಸಿದರು.

"ಹಂಗಾರ ನಿಮಗೂ ಮಡಿ ಐತಿ ಅನ್ರಿ," ಎಂದರು.

ಆಮೇಲೆ 'ಮಡಿ ದರೋಗಾ' ಎಂಬ ಹೆಸರು ಓಣಿಯಲ್ಲಿ ನನಗೆ ಅಂಟಿತು. ತಿಂಗಳು ತಿಂಗಳೂ ಹೋಗುತ್ತಿದ್ದೆ. ಅರಿವೆ ಮೂಸುತ್ತಿದ್ದೆ, ಅತ್ತೆ ಸೊಸೆಯ ಉಗುರು ನೋಡುತ್ತಿದ್ದೆ, ನನ್ನ ಬಾಟಲಿಯ ನೀರು ಕುಡಿಯುತ್ತಿದ್ದೆ.

ಭಾಷೆಯ ಪ್ರಕಾರ ರಾಜ್ಯಗಳು ಹೊಸದಾಗಿ ಆದಾಗ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ನನಗೆ ದೂರದ ಊರಿಗೆ ವರ್ಗವಾಯಿತು. ಲಿಂಗಸುಗೂರಿನಲ್ಲಿ ಚಾರ್ಜು ಕೊಟ್ಟು ಮಸ್ಕಿಗೆ ಬಸ್ಸು ಹತ್ತಿದೆ. ಬಸಮ್ಮ ಬಾಗಿಲಲ್ಲೇ ಇದ್ದರು.

"ತಿಂಗಳಾ ತುಂಬಿಲ್ಲಲ್ರೀ ಇನ್ನ?"

"ತಪಾಸಣೆಗೆ ಬಂದಿಲ್ಲ. ಚಾರ್ಜು ಕೊಟ್ಟೆ. ನಾಳೆಯಿಂದ ನಾನು ಇಲ್ಲಿಯ ದರೋಗಾ ಅಲ್ಲ."

"ಹಂಗಂದ್ರ ಮಡಿ ಬಿಟ್ರಿ ಅನ್ರಿ," ಎಂದು ಬಸಮ್ಮ ಒಳಗೆ ಕೂಗಿದರು. "ಅತ್ತಿ, ದರೋಗಾ ಸಾಹೇಬ್ರು ಉಣ್ಣಾಕ ಬಂದಾರ."

ನಾನು ಚಪ್ಪಲಿ ಬಿಟ್ಟು ಪಡಸಾಲೆ ದಾಟಿ ಅಡಿಗೆ ಮನೆಯ ಹೊಸ್ತಿಲಿಗೆ ಬಂದೆ. ಬಸಮ್ಮ ಕೈ ಅಡ್ಡ ಹಿಡಿದು ನಿಲ್ಲಿಸಿದರು.

"ನಿಲ್ರಿ. ಕೈ ತೋರಸ್ರಿ."

ಎರಡೂ ಕೈ ಚಾಚಿದೆ. ಎಡ ಮೂಲೆಯಿಂದ ಗೌರಮ್ಮನ ದನಿ ಬಂತು: "ಉಗುರು ನೋಡ್ಬೇ ಬಸವ್ವಾ, ಉಗುರು. ಬಿಡಬ್ಯಾಡ."

ಬೆಳಿಗ್ಗೆ ಚಾರ್ಜಿನ ಕಾಗದಗಳಿಗೆ ಸಹಿ ಹಾಕಿದ್ದರಿಂದ ಬಲಗೈ ಉಗುರಲ್ಲಿ ಶಾಯಿ ಹತ್ತಿತ್ತು. ಬಸಮ್ಮ ಅದನ್ನು ನೋಡಿದರು, ನನ್ನನ್ನು ನೋಡಿದರು, ಬಚ್ಚಲ ಕಡೆ ಬೆರಳು ತೋರಿಸಿದರು.

ಹೋಗಿ ತೊಳೆದು ಬಂದೆ. ಮತ್ತೆ ತೋರಿಸಿದೆ. ಆಮೇಲೆ ಆ ಮೂಲೆಯಲ್ಲಿ ಗೌರಮ್ಮನ ಪಕ್ಕದ ಮಣೆಯ ಮೇಲೆ ಕೂತು ಉಂಡೆ. ಅವರು ರೊಟ್ಟಿ ಒತ್ತುತ್ತಾ, ಚಿಟಚಿಟ ಎನ್ನುವುದನ್ನೇ ಕೇಳುತ್ತಾ, ಒಂದಾದ ಮೇಲೆ ಒಂದನ್ನು ನನ್ನ ತಟ್ಟೆಗೆ ಹಾಕುತ್ತಿದ್ದರು.